ವಾರಗಟ್ಟಲೆ ಎಲ್ಕ್ ಬೇಟೆಗೆ ಎಂಥ ಪ್ಯಾಕ್? ಹೊತ್ತು ನೋಡಿದವನ ವಿಮರ್ಶೆ

ಬೇಟೆಯ ಪ್ಯಾಕ್ ಕೊಳ್ಳಲು ಹೊರಟವರು ಮೊದಲು ಕೇಳುವುದೇ "ಎಷ್ಟು ಲೀಟರ್?" ಅಂತ. ನನ್ನ ಪ್ರಕಾರ ಅದನ್ನು ಕೊನೆಗೆ ಕೇಳಿದರೂ ನಡೆಯುತ್ತದೆ. ಮೊದಲು ನೋಡಬೇಕಾದ್ದು ಫ್ರೇಮು ಮತ್ತು ಸೊಂಟದ ಬೆಲ್ಟು. ನಲವತ್ತು ಕಿಲೋ ಹೇರಿದಾಗ ಆ ಭಾರ ಸೊಂಟದ ಮೂಳೆಯ ಮೇಲೆ ಕೂರುತ್ತದೋ, ಭುಜಕ್ಕೆ ಜೋತು ಬೀಳುತ್ತದೋ ಅನ್ನುವುದರ ಮೇಲೆ ಮಿಕ್ಕಿದ್ದೆಲ್ಲ ನಿಂತಿದೆ. ಚೀಲ ಎಂಥದ್ದಾದರೂ ಹೊಂದಿಕೊಂಡು ಹೋಗಬಹುದು. ಫ್ರೇಮು ಕೈಕೊಟ್ಟರೆ ಗುಡ್ಡದ ಮಧ್ಯೆ ಏನೂ ಮಾಡಕ್ಕಾಗಲ್ಲ.

ನಾನು ಬರೆಯುತ್ತಿರುವುದು ಅಮೆರಿಕದ ರಾಕಿ ಬೆಟ್ಟಗಳಲ್ಲಿ, ಲೈಸೆನ್ಸು, ಟ್ಯಾಗು (ಒಂದು ಪ್ರಾಣಿ ಹೊಡೆಯಲು ಕೊಡುವ ಪರವಾನಗಿ ಚೀಟಿ) ಎಲ್ಲ ಮಾಡಿಸಿಕೊಂಡು, ರಸ್ತೆ ಬಿಟ್ಟು ವಾರಗಟ್ಟಲೆ ಒಳಗಿದ್ದು ಮಾಡುವ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಬಗ್ಗೆ. ಟ್ರಕ್ಕಿನಿಂದ ಅರ್ಧ ಗಂಟೆ ನಡೆದು ಸಂಜೆಗೆ ವಾಪಸ್ ಬರುವವರಿಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಲೆಕ್ಕ ನೋಡಿ. ಬೆಳೆದ ಗಂಡು ಎಲ್ಕ್ ಮುನ್ನೂರು ಕಿಲೋದ ಆಸುಪಾಸು ತೂಗುತ್ತದೆ. ಮೂಳೆ ಬಿಡಿಸಿದ ಮೇಲೂ 80ರಿಂದ 100 ಕಿಲೋ ಮಾಂಸ ಉಳಿಯುತ್ತದೆ. ಮೂಳೆ ಸಮೇತ ಒಂದು ಹಿಂದೊಡೆಯೇ 25ರಿಂದ 30 ಕಿಲೋ. ಒಬ್ಬರೇ ಇದ್ದರೆ ನಾಲ್ಕೈದು ಸಲ ಹೊತ್ತು ತರಬೇಕು. ಭಾರ ಅಂತ ಅರ್ಧ ಬಿಟ್ಟು ಬರುವ ಹಾಗೂ ಇಲ್ಲ. ಕೊಲರಾಡೊದಲ್ಲಿ ನಾಲ್ಕೂ ಕಾಲಿನ ಮಾಂಸ, ಬೆನ್ನಿನ ಪಟ್ಟಿ, ಬೆನ್ನೆಲುಬಿನ ಒಳಬದಿಯ ಮೆದು ಮಾಂಸ (ಟೆಂಡರ್‌ಲಾಯಿನ್) ಎಲ್ಲವನ್ನೂ ಹೊರಗೆ ತರಬೇಕು. ಅಲಾಸ್ಕದಲ್ಲಿ ಇನ್ನೂ ಬಿಗಿ: ಮಾಂಸ ಹಿಂದೆ ಬಿಟ್ಟು ಕೊಂಬು ಮೊದಲು ತರುವಂತಿಲ್ಲ, ಕೊಂಬು ಬಂದರೆ ಕೊನೆಯ ಹೊರೆಯ ಜೊತೆಗೆ ಬರಬೇಕು. ಒಳ್ಳೆಯ ನಿಯಮ ಅನ್ನಿಸುತ್ತದೆ ನನಗೆ.

ಹೋಗುವಾಗಿನ ಭಾರವೂ ಕಡಿಮೆಯೇನಲ್ಲ. ಟೆಂಟು, ಸ್ಲೀಪಿಂಗ್ ಬ್ಯಾಗು, ಒಲೆ, ಬಟ್ಟೆ ಸೇರಿ 10-12 ಕಿಲೋ. ಊಟ ದಿನಕ್ಕೆ ಮುಕ್ಕಾಲು ಕಿಲೋ ಅಂದರೂ ವಾರಕ್ಕೆ ಐದು ಕಿಲೋ ದಾಟುತ್ತದೆ. ರೈಫಲ್ಲು ಸ್ಕೋಪ್ ಸಮೇತ ಮೂರೂವರೆ, ನಾಲ್ಕು. ಸ್ಪಾಟಿಂಗ್ ಸ್ಕೋಪು (ದೂರದ ಪ್ರಾಣಿ ನೋಡುವ ದುರ್ಬೀನು), ಟ್ರೈಪಾಡು, ಬೈನಾಕ್ಯುಲರ್ ಇನ್ನೊಂದು ಮೂರು. ಕುಡಿಯುವ ನೀರು ಬೇರೆ. ಎಲ್ಲ ಕೂಡಿ 22ರಿಂದ 27 ಕಿಲೋ ಆಗುತ್ತದೆ. ಇಷ್ಟನ್ನು ಒಳ್ಳೆಯ ಟ್ರೆಕ್ಕಿಂಗ್ ಪ್ಯಾಕ್ ಯಾವುದೇ ಆದರೂ ಹೊರುತ್ತದೆ. ಅಂಗಡಿಯಲ್ಲಿ ಹಾಕಿಕೊಂಡರೆ ಅದೇ ಮೆತ್ತಗೆ, ಹಗುರವಾಗಿ ಇಷ್ಟವಾಗುತ್ತದೆ. ಆದರೆ ಬರುವಾಗ ಅದರ ಮೇಲೆ ಒಂದು ಹಿಂದೊಡೆ ಏರಿತು ಅಂದರೆ ಫ್ರೇಮು ನಡುವಿನಲ್ಲಿ ಬಾಗಿ ಬೆಲ್ಟು ಜಾರತೊಡಗುತ್ತದೆ. ಹತ್ತು ಹೆಜ್ಜೆಗೊಮ್ಮೆ ಮೇಲಕ್ಕೆ ಎತ್ತಿಕೊಳ್ಳುತ್ತಾ ನಡೆಯಬೇಕು.

ಈ ಸಮಸ್ಯೆ ಹೊಸದಲ್ಲ. 1920ರ ದಶಕದಲ್ಲಿ ಟ್ರ್ಯಾಪರ್ ನೆಲ್ಸನ್ ಅನ್ನೋ ಪ್ಯಾಕ್ ಬಂತು. ಮರದ ಚೌಕಟ್ಟು, ಬೆನ್ನಿಗೆ ಬಿಗಿದ ಕ್ಯಾನ್ವಾಸು, ಹಿಂದೆ ಕಳಚಬಹುದಾದ ಚೀಲ. ಚೀಲ ಕಳಚಿ ಚೌಕಟ್ಟಿಗೆ ನೇರವಾಗಿ ಮಾಂಸ ಕಟ್ಟುತ್ತಿದ್ದರು. 1952ರಲ್ಲಿ ಡಿಕ್ ಕೆಲ್ಟಿ ಕ್ಯಾಲಿಫೋರ್ನಿಯಾದಲ್ಲಿ ಅಲ್ಯುಮಿನಿಯಂ ಫ್ರೇಮಿನ ಪ್ಯಾಕ್ ಮಾಡಿ ಮಾರತೊಡಗಿದರು. ಸೊಂಟಕ್ಕೆ ಭಾರ ಇಳಿಸುವ ಬೆಲ್ಟು ಜನಕ್ಕೆ ಪರಿಚಯವಾಗಿದ್ದು ಹೆಚ್ಚಾಗಿ ಅವರ ಪ್ಯಾಕಿನಿಂದಲೇ. ಇವತ್ತಿನ ಬೇಟೆ ಪ್ಯಾಕ್‌ಗಳೂ ಅದೇ ದಾರಿಯಲ್ಲಿವೆ: ಗಟ್ಟಿ ಫ್ರೇಮು, ಕಳಚುವ ಚೀಲ. ಮಾಲು ಮಾತ್ರ ಬದಲಾಗಿದೆ.

ಈಗ ಈ ಕೆಲಸದಲ್ಲಿ ಹೆಸರು ಮಾಡಿರುವವರು ಬಹುತೇಕ ಬೆಟ್ಟದ ಊರಿನವರೇ. ಮೊಂಟಾನಾದ ಬೋಜ್‌ಮನ್‌ನಲ್ಲಿ ಹುಟ್ಟಿದ್ದು ಮಿಸ್ಟರಿ ರಾಂಚ್. ಮೊದಲು ಡೇನಾ ಡಿಸೈನ್ ಎಂಬ ಪ್ಯಾಕ್ ಕಂಪನಿ ಕಟ್ಟಿದ್ದ ಡೇನಾ ಗ್ಲೀಸನ್ 2000ದಲ್ಲಿ ಶುರು ಮಾಡಿದ ಕಂಪನಿ ಅದು, 2024ರಲ್ಲಿ ಕೂಲರ್ ಮಾಡುವ ಯೆಟಿ ಕಂಪನಿ ಅದನ್ನು ಕೊಂಡುಕೊಂಡಿತು. ಸ್ಟೋನ್ ಗ್ಲೇಸಿಯರ್ ಕೂಡ ಬೋಜ್‌ಮನ್‌ನದೇ, ಅವರದು ಕಾರ್ಬನ್ ಫ್ರೇಮು. ಐಡಹೋದ ಬಾಯ್ಸಿಯ ಎಕ್ಸೋ ಮೌಂಟನ್ ಗೇರ್ ಟೈಟೇನಿಯಂ ಫ್ರೇಮಿಗೆ ಹೆಸರು ಮಾಡಿದೆ. ಕೊಲರಾಡೊದಲ್ಲಿ ಸೀಕ್ ಔಟ್‌ಸೈಡ್ ಇದೆ, ಕಿಫಾರು ಶುರುವಾದದ್ದೂ ಅಲ್ಲೇ. ಇವುಗಳಲ್ಲಿ ಫ್ರೇಮು ಚೀಲ ಸೇರಿ ಸಾಮಾನ್ಯವಾಗಿ 600ರಿಂದ 800 ಡಾಲರ್ ಬೀಳುತ್ತದೆ. ಜಾಸ್ತಿ ಅನ್ನಿಸುತ್ತೆ, ಅಲ್ವಾ? ಜಾಸ್ತಿಯೇ. ಆದರೆ ರೈಫಲ್ ಮೇಲಿನ ಸ್ಕೋಪಿಗೆ ಅದರ ಎರಡರಷ್ಟು ಸುರಿಯುವವರು ಪ್ಯಾಕಿನಲ್ಲಿ ಉಳಿಸಲು ನೋಡುವುದು ನನಗಂತೂ ಅರ್ಥವಾಗಲ್ಲ.

ನನ್ನ ಪ್ಯಾಕು ಇವರದೋ ಬೇರೆಯವರದೋ ಅಂತ ಬರೆಯುವುದಿಲ್ಲ. ಹೆಸರು ಬರೆದರೆ ಜನ ಅದನ್ನೇ ಕೊಳ್ಳುತ್ತಾರೆ. ನನ್ನ ಬೆನ್ನಿಗೆ ಒಪ್ಪಿದ್ದು ನಿಮ್ಮ ಬೆನ್ನಿಗೆ ಒಪ್ಪಬೇಕು ಅಂತೇನಿಲ್ಲ. ಇಷ್ಟು ಹೇಳುತ್ತೇನೆ: ಒಳಗೆ ಎರಡು ಗಟ್ಟಿ ಪಟ್ಟಿಗಳ ಫ್ರೇಮು, 7000 ಕ್ಯೂಬಿಕ್ ಇಂಚಿನ ಚೀಲ, ಅಂದರೆ ಹತ್ತಿರ ಹತ್ತಿರ 115 ಲೀಟರ್. ಖಾಲಿ ತೂಕ ಮೂರು ಕಿಲೋಗೆ ಸ್ವಲ್ಪ ಕಡಿಮೆ ಅಂತ ಕಂಪನಿ ಬರೆದಿದೆ. ಮೇಲಿನ ಮುಚ್ಚಳ, ಸೊಂಟದ ಜೇಬು, ರೈಫಲ್ ಹಿಡಿಕೆ ಹಾಕಿ ತೂಗಿದರೆ ಮೂರೂವರೆ. ಇದು ಈ ಕಂಪನಿಯೊಂದರ ಚಾಳಿಯಲ್ಲ. ತೂಕ ಬರೆಯುವಾಗ ಇಂಥವನ್ನು ಹೊರಗಿಡುವುದು ಈ ವ್ಯಾಪಾರದಲ್ಲಿ ಮಾಮೂಲಿ. ನೀವು ಹೋಲಿಸುವಾಗ ಏನೇನು ಸೇರಿಸಿ ಬರೆದಿದ್ದಾರೆ ಅಂತ ನೋಡಿ.

ಅಳತೆಯ ವಿಷಯಕ್ಕೆ ಬರೋಣ. ಇಲ್ಲಿ ನಿಮ್ಮ ಎತ್ತರ ಮುಖ್ಯವಲ್ಲ. ಬೆನ್ನಿನ ಉದ್ದ ಮುಖ್ಯ. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಒಂದು ಗುಬುಟು ಮೂಳೆ ಕೈಗೆ ಸಿಗುತ್ತದೆ. ಅಲ್ಲಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಟೇಪು ಹಿಡಿದು ಅಳೆಸಿಕೊಳ್ಳಿ. ಆರಡಿ ಮನುಷ್ಯನಿಗೆ ಗಿಡ್ಡ ಬೆನ್ನು, ಐದೂವರೆ ಅಡಿಯವನಿಗೆ ಉದ್ದ ಬೆನ್ನು ಇರುವುದು ಅಪರೂಪವೇನಲ್ಲ. ಫ್ರೇಮು ನಿಮ್ಮ ಭುಜಕ್ಕಿಂತ ಎರಡು ಮೂರು ಇಂಚಾದರೂ ಮೇಲೆ ನಿಲ್ಲಬೇಕು. ಯಾಕೆಂದರೆ ಭುಜದ ಪಟ್ಟಿಯಿಂದ ಫ್ರೇಮಿನ ತುದಿಗೆ ಹೋಗುವ ಲೋಡ್ ಲಿಫ್ಟರ್ ಪಟ್ಟಿ 30ರಿಂದ 45 ಡಿಗ್ರಿಯಲ್ಲಿ ಮೇಲಕ್ಕೆ ಏರಿದರೆ ಮಾತ್ರ ಅದು ಭುಜದ ಭಾರ ಎತ್ತುತ್ತದೆ. ಅಡ್ಡಡ್ಡ ಹೋದರೆ ಪ್ಯಾಕನ್ನು ಬೆನ್ನ ಕಡೆಗೆ ಎಳೆಯುತ್ತದೆ ಅಷ್ಟೇ, ಎತ್ತುವುದಿಲ್ಲ. ಎಷ್ಟೋ ಕಂಪನಿಗಳು 24 ಇಂಚು, 26 ಇಂಚು ಅಂತ ಎರಡು ಫ್ರೇಮು ಕೊಡುತ್ತವೆ. ಭಾರದ ಕೆಲಸಕ್ಕೆ ಅನುಮಾನವಿದ್ದರೆ ಉದ್ದದ್ದು ತೆಗೆದುಕೊಳ್ಳಿ. ದಟ್ಟ ಮರಗಳಲ್ಲಿ ನುಸುಳುವಾಗ ತುದಿ ಕೊಂಬೆಗೆ ತಾಗುತ್ತದೆ ನಿಜ. ಬೈದುಕೊಂಡು ಬಗ್ಗಿದರಾಯಿತು.

ಬೆಲ್ಟಿನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಕೊಳ್ಳುವಾಗ ಯಾರೂ ಅದನ್ನು ಗಮನಿಸುವುದಿಲ್ಲ. ಬೆಲ್ಟಿನ ನಡುಭಾಗ ಸೊಂಟದ ಮೂಳೆಯ ಅಂಚಿನ ಮೇಲೆ ಸರಿಯಾಗಿ ಕೂರಬೇಕು, ಹೊಟ್ಟೆಯ ಮೇಲಲ್ಲ. ಬಿಗಿದ ಮೇಲೆ ಮುಂದೆ ಎರಡು ಮೆತ್ತೆಗಳ ನಡುವೆ ನಾಲ್ಕು ಬೆರಳಿನಷ್ಟಾದರೂ ಜಾಗ ಉಳಿಯಬೇಕು. ಯಾಕೆ ಗೊತ್ತಾ? ವಾರ ಕಳೆಯುವ ಹೊತ್ತಿಗೆ ನೀವು ತೆಳ್ಳಗಾಗಿರುತ್ತೀರಿ. ದಿನವಿಡೀ ಹತ್ತಿ ಇಳಿದು, ಒಣ ಊಟ ಮಾಡಿ, ಸೊಂಟ ಒಂದಿಂಚು ಎರಡಿಂಚು ಇಳಿದಿರುತ್ತದೆ. ಒಳಗಿನ ದಪ್ಪ ಜಾಕೆಟ್ಟು ತೆಗೆದರೆ ಇನ್ನೊಂದಿಷ್ಟು ಕಡಿಮೆ. ಎರಡು ಮೆತ್ತೆ ಒಂದಕ್ಕೊಂದು ತಾಗಿಬಿಟ್ಟರೆ ಆಮೇಲೆ ಎಷ್ಟು ಎಳೆದರೂ ಬಿಗಿಯಾಗದು. ಸರಿಯಾಗಿ ಅದೇ ಹೊತ್ತಿಗೆ ಮಾಂಸದ ಹೊರೆ ಬರುತ್ತದೆ. ಅಂಗಡಿಯಲ್ಲಿ ಹೊಟ್ಟೆ ತುಂಬ ಊಟ ಮಾಡಿ, ದಪ್ಪ ಸ್ವೆಟರ್ ಹಾಕಿಕೊಂಡು ಬೆಲ್ಟು ನೋಡಿ ಬಂದವರ ಕಥೆ ಹೀಗೇ ಮುಗಿಯುವುದು. ಸೈಜು ಎರಡರ ನಡುವೆ ಬಂದರೆ ಚಿಕ್ಕದೇ ಸರಿ.

ಬೆನ್ನಿನ ಕೆಳಗೆ ಆನಿಸುವ ಮೆತ್ತೆಯೂ ಹಾಗೆ. ಕೆಲವು ಪ್ಯಾಕುಗಳಲ್ಲಿ ಅದು ಉಬ್ಬಿಕೊಂಡಿರುತ್ತದೆ. ಇಪ್ಪತ್ತು ಕಿಲೋಗೆ ಹಾಯೆನಿಸುವ ಆ ಉಬ್ಬು ನಲವತ್ತು ಕಿಲೋಗೆ ಒಂದೇ ಕಡೆ ಒತ್ತಿ ಚರ್ಮ ಕೆಂಪು ಮಾಡುತ್ತದೆ. ತೆಗೆದು ಹಾಕುವಂತಿದ್ದರೆ ಒಳ್ಳೆಯದು.

ಇದೆಲ್ಲ ತಿಳಿಯುವುದು ಹೇಗೆ? ತುಂಬಿಸಿ ನಡೆದರೇ ತಿಳಿಯುವುದು. ಗಟ್ಟಿ ಚೀಲದಲ್ಲಿ 35 ಕಿಲೋ ಮರಳು ತುಂಬಿ, ಉದ್ದಕ್ಕೆ ಒಂದು ತೊಡೆಯ ಆಕಾರಕ್ಕೆ ಸುತ್ತಿ ಕಟ್ಟಿ, ಫ್ರೇಮಿಗೆ ಬಿಗಿದು ಮೆಟ್ಟಿಲು ಹತ್ತಿ ಇಳಿಯಿರಿ. ಒಂದು ಗಂಟೆಗೆ ಕಡಿಮೆ ಬೇಡ. ಮೊದಲ ಹದಿನೈದು ನಿಮಿಷ ಎಲ್ಲ ಪ್ಯಾಕೂ ಚೆನ್ನಾಗಿಯೇ ಇರುತ್ತದೆ. ಬಟ್ಟೆ ಕೊಳೆಯಾಗದಂತೆ ಹುಷಾರಾಗಿ ಮಾಡಿದರೆ ಒಪ್ಪದ ಪ್ಯಾಕನ್ನು ವಾಪಸ್ ಕಳಿಸಲೂ ದಾರಿ ಇರುತ್ತದೆ, ವಾಪಸಾತಿ ನಿಯಮ ಮೊದಲೇ ಓದಿಕೊಳ್ಳಿ.

ಇನ್ನು ಲೋಡ್ ಶೆಲ್ಫು. ಬೇಟೆ ಪ್ಯಾಕಿಗೂ ಟ್ರೆಕ್ಕಿಂಗ್ ಪ್ಯಾಕಿಗೂ ಇರುವ ನಿಜವಾದ ವ್ಯತ್ಯಾಸ ಇದೇ. ಪಕ್ಕದ ಬಕಲ್‌ಗಳನ್ನು ಬಿಚ್ಚಿದರೆ ಚೀಲ ಫ್ರೇಮಿನಿಂದ ಹಿಂದಕ್ಕೆ ಬಾಗುತ್ತದೆ, ಕೆಳಗೆ ಒಂದು ಹಲಗೆಯಂತೆ ಜಾಗ ತೆರೆಯುತ್ತದೆ. ಮಾಂಸ ಅಲ್ಲಿ ಕೂರುತ್ತದೆ, ಫ್ರೇಮು ಮತ್ತು ಚೀಲದ ನಡುವೆ. ಭಾರವಾದದ್ದು ಬೆನ್ನೆಲುಬಿಗೆ ಒತ್ತಿಕೊಂಡಿರುತ್ತದೆ, ಹಗುರವಾದ ಟೆಂಟು ಬಟ್ಟೆ ಹಿಂದೆ. ಸ್ಲೀಪಿಂಗ್ ಬ್ಯಾಗಿಗೆ ರಕ್ತ ತಾಗುವುದಿಲ್ಲ.

ನಾನು ಕಟ್ಟುವ ರೀತಿ ಹೀಗೆ. ಮಾಂಸವನ್ನು ಮೊದಲು ಗೇಮ್ ಬ್ಯಾಗಿನಲ್ಲಿ, ಅಂದರೆ ಗಾಳಿಯಾಡುವ ಬಟ್ಟೆಯ ಮಾಂಸದ ಚೀಲದಲ್ಲಿ ಹಾಕಿ ನೆರಳಿನಲ್ಲಿ ತೂಗುಹಾಕುತ್ತೇನೆ. ಬಿಸಿ ಮಾಂಸವನ್ನು ಪ್ಯಾಕಿನಲ್ಲಿ ಬಿಗಿದರೆ ಒಳಗೆ ಕೆಡತೊಡಗುತ್ತದೆ. ತಣ್ಣಗಾದ ಮೇಲೆ ಸಿಪ್ಪೆಯಂತೆ ಒಣ ಪದರ ಕಟ್ಟಿ ಗಟ್ಟಿಯಾಗುತ್ತದೆ, ಹಿಡಿಯಲೂ ಸುಲಭ. ಪ್ಯಾಕನ್ನು ಇಳಿಜಾರಿನಲ್ಲಿ ಬೆನ್ನು ಕೆಳಗೆ ಮಾಡಿ ಮಲಗಿಸುತ್ತೇನೆ. ಹಿಂದೊಡೆಯ ದಪ್ಪ ಭಾಗ ಮೇಲೆ, ಭುಜದ ಮೂಳೆಗಳ ನಡುವೆ ಬರುವ ಹಾಗೆ ಇಡುತ್ತೇನೆ. ಕೆಳಗಿನ ಪಟ್ಟಿ ಮೊದಲು, ಆಮೇಲೆ ಮೇಲಿನದು, ಕೊನೆಗೆ ನಡುವಿನದು. ಮಂಡಿಯಿಂದ ಒತ್ತಿ ಎಳೆಯುತ್ತೇನೆ. ಒಂದು ಪಟ್ಟಿ ತೊಡೆಯ ಕೆಳಗಿನ ಸಣ್ಣ ಭಾಗಕ್ಕೆ ಅಡ್ಡಲಾಗಿ ಸುತ್ತಬೇಕು. ಇಲ್ಲವಾದರೆ ನೂರು ಹೆಜ್ಜೆ ನಡೆಯುವಷ್ಟರಲ್ಲಿ ಇಡೀ ತೊಡೆ ಜಾರಿ ಕೆಳಗೆ ಬಂದು ಪೃಷ್ಠಕ್ಕೆ ಬಡಿಯುತ್ತದೆ. ಮೂಳೆ ಬಿಡಿಸಿದ ಮಾಂಸ ಇನ್ನೂ ಕಷ್ಟ. ಅದು ನೀರು ತುಂಬಿದ ಬಲೂನಿನ ಹಾಗೆ ಕೆಳಗೆ ಗುಡ್ಡೆ ಬೀಳುತ್ತದೆ. ಅದಕ್ಕೆ ಒಂದು ದೊಡ್ಡ ಗೇಮ್ ಬ್ಯಾಗಿನ ಬದಲು ಎರಡು ಚಿಕ್ಕವು ತೆಗೆದುಕೊಂಡು ಒಂದರ ಮೇಲೊಂದು ಇಡಿ. ಮೂಳೆ ಬಿಡಿಸುವ ಮೊದಲು ನಿಮ್ಮ ರಾಜ್ಯದ ನಿಯಮ ನೋಡಿ. ಕೆಲವು ಕಡೆ ಗಂಡೋ ಹೆಣ್ಣೋ ಅಂತ ತೋರಿಸುವ ಭಾಗ ಮಾಂಸಕ್ಕೆ ಅಂಟಿಕೊಂಡೇ ಇರಬೇಕು. ಜಿಂಕೆ ಜಾತಿಯ ಮಿದುಳಿಗೆ ತಗಲುವ ಕ್ರಾನಿಕ್ ವೇಸ್ಟಿಂಗ್ ಎಂಬ ರೋಗದ ಕಾರಣ ಮಿದುಳು, ಬೆನ್ನುಮೂಳೆಯನ್ನು ಗಡಿ ದಾಟಿಸಲು ಹಲವು ರಾಜ್ಯಗಳು ಬಿಡುವುದಿಲ್ಲ.

ಕಡಿದಾದ ಕಲ್ಲಿನ ಇಳಿಜಾರಿನಲ್ಲಿ ಮಾತ್ರ ಭಾರವನ್ನು ಸ್ವಲ್ಪ ಕೆಳಗೆ ಇಡುತ್ತೇನೆ. ಮೇಲಿದ್ದರೆ ಕಾಲು ಜಾರಿದಾಗ ತಲೆಯ ಮೇಲಿಂದ ದಬ್ಬಿದಂತಾಗುತ್ತದೆ. ಟ್ರೆಕ್ಕಿಂಗ್ ಕೋಲು ಇಲ್ಲದೆ ಈ ಭಾರ ಇಳಿಸಲೇಬೇಡಿ.

ಈಗ ಚೀಲದ ಗಾತ್ರ. ಮೂರರಿಂದ ಐದು ದಿನಕ್ಕೆ 60ರಿಂದ 80 ಲೀಟರ್ ಸಾಕು. ವಾರ, ಹತ್ತು ದಿನ, ಚಳಿಯ ಬಟ್ಟೆ ಸಮೇತ ಅಂದರೆ 80ರಿಂದ 115. ದೊಡ್ಡದು ತೆಗೆದುಕೊಳ್ಳಲು ಹೆದರಬೇಡಿ, ಆದರೆ ಅದು ಕುಗ್ಗಬೇಕು. ಕ್ಯಾಂಪು ಹಾಕಿದ ಮೇಲೆ ದಿನದ ಬೇಟೆಗೆ ಅದೇ ಪ್ಯಾಕು ಬೇಕು: ಒಂದು ಜಾಕೆಟ್ಟು, ನೀರು, ಚಾಕು, ಗೇಮ್ ಬ್ಯಾಗು, ಸ್ಪಾಟಿಂಗ್ ಸ್ಕೋಪು. ಆಗ 115 ಲೀಟರ್ ಚೀಲ ಚಪ್ಪಟೆಯಾಗಿ ಫ್ರೇಮಿಗೆ ಅಂಟಿಕೊಂಡು ಕೂರಬೇಕು, ಬೆನ್ನ ಹಿಂದೆ ಪಟಪಟ ಬಡಿಯಬಾರದು. ನನ್ನದು ಇದರಲ್ಲಿ ಪಾಸು. ಪಟ್ಟಿಗಳನ್ನು ಎಳೆದರೆ ಅಂಗೈ ದಪ್ಪಕ್ಕೆ ಬರುತ್ತದೆ. ಉಳಿದ ಪಟ್ಟಿಯ ತುದಿಗಳು ಮಾತ್ರ ಎಲ್ಲೆಲ್ಲೂ ನೇತಾಡುತ್ತವೆ, ಸುತ್ತಿ ಸಿಕ್ಕಿಸಲು ತಾಳ್ಮೆ ಬೇಕು.

ಬಟ್ಟೆಯ ಆಯ್ಕೆಯಲ್ಲಿ ಎರಡು ದಾರಿ ಇದೆ. 500 ಡೆನಿಯರ್ (ನೂಲಿನ ದಪ್ಪದ ಅಳತೆ) ಕಾರ್ಡುರಾ ನೈಲಾನ್ ಬಟ್ಟೆ ಭಾರ ಸ್ವಲ್ಪ ಜಾಸ್ತಿ, ನೀರು ಕುಡಿಯುತ್ತದೆ, ಆದರೆ ಪೊದೆಯಲ್ಲಿ ಉಜ್ಜಿದರೂ ಸದ್ದು ಕಡಿಮೆ. ಎಕ್ಸ್-ಪ್ಯಾಕ್ ತರಹದ ಪದರಬಟ್ಟೆ ಹಗುರ, ಒಣಗಿಯೇ ಇರುತ್ತದೆ, ಆದರೆ ಚಳಿಯ ಬೆಳಗಿನಲ್ಲಿ ಕಾಗದದಂತೆ ಚರಚರ ಅನ್ನುತ್ತದೆ. ಬಿಲ್ಲು ಹಿಡಿದು ಮೂವತ್ತು ಗಜದವರೆಗೆ ಹೋಗಬೇಕಾದವರಿಗೆ ಈ ಸದ್ದು ದೊಡ್ಡ ವಿಷಯ. ರೈಫಲ್ಲಿನವರಿಗೆ ಅಷ್ಟಿಲ್ಲ. ಯಾವ ಬಟ್ಟೆಯಾದರೂ ಹೊಲಿಗೆಯಲ್ಲಿ ನೀರು ಒಳಗೆ ಬರುತ್ತದೆ. ಒಳಗೊಂದು ಗಟ್ಟಿ ಪ್ಲಾಸ್ಟಿಕ್ ಲೈನರ್ ಹಾಕಿ ಸ್ಲೀಪಿಂಗ್ ಬ್ಯಾಗು ಅದರಲ್ಲಿಡಿ. ಬಣ್ಣದ ಬಗ್ಗೆ ಸುಮ್ನೆ ಚಿಂತೆ ಬೇಡ. ಎಲ್ಕ್‌ಗೆ ಕೇಸರಿ ಬಣ್ಣ ನಮಗೆ ಕಂಡಂತೆ ಕಾಣುವುದಿಲ್ಲ, ಅದು ಗಮನಿಸುವುದು ಚಲನೆ ಮತ್ತು ವಾಸನೆ.

ಕೇಸರಿ ಅಂದಾಗ ನೆನಪಾಯಿತು. ಕೊಲರಾಡೊದಲ್ಲಿ ರೈಫಲ್ ಸೀಸನ್ನಿಗೆ ಕನಿಷ್ಠ 500 ಚದರ ಇಂಚು ಹೊಳೆಯುವ ಕೇಸರಿ ಅಥವಾ ಗುಲಾಬಿ ಬಣ್ಣ ಮೈಮೇಲೆ ಇರಬೇಕು, ತಲೆಯ ಮೇಲೂ ಬೇಕು. ದೊಡ್ಡ ಪ್ಯಾಕು ಹಾಕಿದರೆ ಆ ಬಣ್ಣದ ತೋಳಿಲ್ಲದ ವೆಸ್ಟಿನ ಹಿಂಭಾಗ ಪೂರ್ತಿ ಮುಚ್ಚಿಹೋಗುತ್ತದೆ. ಪ್ಯಾಕಿನ ಮೇಲೊಂದು ಕೇಸರಿ ಬಟ್ಟೆ ಹೊದಿಸಿ. ಕೊಂಬು ಹೊತ್ತು ಬರುವಾಗ ಅದಕ್ಕೂ ಕೇಸರಿ ಟೇಪು ಕಟ್ಟಿ. ಪೊದೆಯ ಮೇಲೆ ಅಲುಗುತ್ತಾ ಬರುವ ಕೊಂಬನ್ನು ದೂರದಿಂದ ಯಾರು ಏನಂದುಕೊಳ್ಳುತ್ತಾರೋ.

ಚಿಕ್ಕಪುಟ್ಟ ವಿಷಯಗಳಲ್ಲಿ ಬಕಲ್ಲು ಚಿಕ್ಕದಲ್ಲ. ಹಿಂದೆ ನನ್ನ ಬಳಿ ಇದ್ದ ಪ್ಯಾಕಿನ ಸೊಂಟದ ಬಕಲ್ಲು ಹಿಮದ ಬೆಳಗಿನಲ್ಲಿ ಕಾಲ ಕೆಳಗೆ ಸಿಕ್ಕಿ ಟಕ್ ಅಂತ ಮುರಿಯಿತು. ಚಳಿಗೆ ಪ್ಲಾಸ್ಟಿಕ್ಕು ಗಾಜಿನಷ್ಟೇ ಗಟ್ಟಿ, ಗಾಜಿನಷ್ಟೇ ಪೆಳಸು. ಪಟ್ಟಿಯನ್ನು ಗಂಟು ಹಾಕಿಕೊಂಡು ಇಳಿದೆ, ಪ್ರತಿ ಸಲ ಕೂತು ಎದ್ದಾಗ ಗಂಟು ಬಿಚ್ಚಬೇಕು, ಬೆರಳು ಮರಗಟ್ಟಿದೆ. ಹೊಲಿಗೆ ಬಿಚ್ಚದೆ ಸಿಕ್ಕಿಸಬಹುದಾದ ಸೀಳು ಬಕಲ್ಲು ಸಿಗುತ್ತದೆ, ಎರಡು ಡಾಲರೂ ಇಲ್ಲ. ನಿಮ್ಮ ಬೆಲ್ಟಿನ ಅಗಲದ್ದೊಂದು ಮುಚ್ಚಳದ ಜೇಬಿನಲ್ಲಿ ಹಾಕಿಡಿ. ಜಿಪ್ಪು ಕಡಿಮೆ ಇದ್ದಷ್ಟೂ ನನಗೆ ಇಷ್ಟ. ಆದರೆ ಉದ್ದಕ್ಕೆ ಒಂದು ಜಿಪ್ಪು ಬೇಕೇ ಬೇಕು. ಬರೀ ಮೇಲಿನಿಂದ ತುಂಬುವ ಚೀಲದ ತಳದಲ್ಲಿ ಕೈಗವಸು ಹುಡುಕುವುದು ಬೇಡಪ್ಪ.

ಎದೆಯ ಮೇಲೆ ಬೈನಾಕ್ಯುಲರ್ ಚೀಲ ಹಾಕುವವರು ಅದನ್ನೂ ಹಾಕಿಕೊಂಡೇ ಪ್ಯಾಕು ನೋಡಿ. ಎದೆಯ ಅಡ್ಡ ಪಟ್ಟಿ ಸರಿಯಾಗಿ ಅದರ ಮೇಲೆಯೇ ಬರುವ ಪ್ಯಾಕುಗಳಿವೆ. ನೀರಿನ ಬಾಟಲಿ ಪ್ಯಾಕು ಇಳಿಸದೆ ಕೈಗೆ ಸಿಗಬೇಕು. ಕೊಳವೆಯಿಂದ ಹೀರುವ ನೀರಿನ ಚೀಲ (ಬ್ಲ್ಯಾಡರು) ಬೆಳಿಗ್ಗೆ ಹೆಪ್ಪುಗಟ್ಟಿ ಕೂರುತ್ತದೆ. ಕರಡಿ ಓಡಿಸುವ ಸ್ಪ್ರೇ ಬೆಲ್ಟಿನ ಮೇಲೆ ಇರಲಿ, ಚೀಲದೊಳಗಿದ್ದರೆ ಇದ್ದೂ ಇಲ್ಲದ ಹಾಗೆ. ಗ್ರಿಜ್ಲಿ ಕರಡಿ ಇರುವ ಕಡೆ ರಕ್ತ ತಾಗಿದ ಪ್ಯಾಕನ್ನು ಟೆಂಟಿನೊಳಗೆ ತಲೆದಿಂಬು ಮಾಡಿಕೊಳ್ಳಬೇಡಿ, ಮಾಂಸದ ಜೊತೆಗೇ ದೂರ ತೂಗುಹಾಕಿ.

ನನ್ನ ಪ್ಯಾಕಿನ ಮೇಲೆ ನನಗಿರುವ ದೂರು ಎರಡು. ಒಂದು, ಭಾರ ಮೂವತ್ತು ಕಿಲೋ ದಾಟಿದರೆ ಬೆಲ್ಟು ಫ್ರೇಮಿಗೆ ಸೇರುವ ಜಾಗದಲ್ಲಿ ಕಿರ್ರ್ ಕಿರ್ರ್ ಅನ್ನುತ್ತದೆ. ಮಾಂಸ ಹೊತ್ತು ಬರುವಾಗ ಸದ್ದಾದರೆ ಏನಂತೆ ಅನ್ನಬಹುದು. ಜೊತೆಗಾರನ ಟ್ಯಾಗು ಇನ್ನೂ ಬಾಕಿ ಇದ್ದರೆ? ಮೇಣದಬತ್ತಿ ಉಜ್ಜಿದರೆ ಒಂದೆರಡು ದಿನ ಸುಮ್ಮನಿರುತ್ತದೆ. ಎರಡು, ರೈಫಲ್ ಹಿಡಿಕೆ ಒಂದೇ ಕಡೆ, ಬಲಕ್ಕೆ. ನಾಲ್ಕು ಕಿಲೋ ಒಂದೇ ಪಕ್ಕಕ್ಕೆ ತೂಗಿದರೆ ಸಂಜೆಗೆ ಆ ಸೊಂಟ ಮಾತಾಡುತ್ತದೆ. ನೀರು, ಟ್ರೈಪಾಡು ಎಡಕ್ಕೆ ಹಾಕಿ ಸರಿದೂಗಿಸುತ್ತೇನೆ. ಅಡ್ಡ ಇಳಿಜಾರಿನಲ್ಲಿ ನಡೆಯುವಾಗ ರೈಫಲ್ಲು ಬೆಟ್ಟದ ಕಡೆ ಬಂದರೆ ಕಲ್ಲಿಗೆ ತಾಗುತ್ತದೆ, ಅದಕ್ಕೆ ಮದ್ದಿಲ್ಲ.

ಇದನ್ನು ಬಿಟ್ಟರೆ ಪ್ಯಾಕು ಗಟ್ಟಿ. ಹೊಲಿಗೆ ಎಲ್ಲೂ ಬಿಟ್ಟಿಲ್ಲ, ಫ್ರೇಮು ಬಾಗಿಲ್ಲ. ರಕ್ತದ ಕಲೆಗೆ ತಣ್ಣೀರು ಮತ್ತು ಎನ್‌ಜೈಮ್ ಸೋಪು ಸಾಕು, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ತೊಳೆಯುವಾಗ ಫ್ರೇಮಿನ ಪಟ್ಟಿ ಹೊರಗೆ ತೆಗೆದು, ಚೀಲವನ್ನು ತಲೆಕೆಳಗೆ ನೇತುಹಾಕಿ, ನೆರಳಿನಲ್ಲಿ ಒಣಗಿಸಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ವಾರದ ಕೊನೆಗೆ ಬೆಲ್ಟಿನ ಮೆತ್ತೆಗಳ ನಡುವೆ ಈಗ ಎರಡೇ ಬೆರಳು ಜಾಗ ಉಳಿಯುತ್ತಿದೆ, ಹಾಗಾಗಿ ಮುಂದಿನ ಸೀಸನ್ನಿಗೆ ಮೊದಲು ಬೆಲ್ಟು ಮಾತ್ರ ಒಂದು ಸೈಜು ಚಿಕ್ಕದಕ್ಕೆ ಬದಲಿಸುತ್ತೇನೆ. ಬೆಲ್ಟನ್ನು ಬೇರೆಯಾಗಿ ಮಾರುವ ಕಂಪನಿಯ ಪ್ಯಾಕೇ ಕೊಂಡುಕೊಳ್ಳಿ ಅನ್ನುವುದಕ್ಕೆ ಇದೂ ಒಂದು ಕಾರಣ.